ಆರನೆಯ ಗೂಡಿನ ಕೊರವ

ಸಪ್ತಾಪುರದ ನಮ್ಮ ಮನೆಯ ಮೇಲೆ ಒಂದು ಕೋಣೆ ಇದೆ. ಅದನ್ನು ಓದುವ ಹೆಣ್ಣುಮಕ್ಕಳಿಗೆ ಬಾಡಿಗೆಗೆ ಕೊಡುತ್ತೇವೆ. ನೋಡಲು ಬಂದವರಿಗೆಲ್ಲ ನನ್ನ ಹೆಂಡತಿ ಒಂದೇ ಮಾತು ಹೇಳುತ್ತಾಳೆ: ತತ್ತಿ, ಮೀನು, ಮಾಂಸ ಒಳಗೆ ಬರಬಾರದು. ಮೂರು ವರ್ಷದ ಹಿಂದೆ ಬಂದ ಹುಡುಗಿ ಇದನ್ನು ಕೇಳಿ ಸ್ವಲ್ಪ ಹೊತ್ತು ಮೆಟ್ಟಿಲ ಹತ್ತಿರವೇ ನಿಂತಳು.

“ತಿನ್ನಾಕ ತರಂಗಿಲ್ಲ ಕಾಕು. ಆದ್ರ ಜೀವಂತ ಮೀನ ಒಮ್ಮೊಮ್ಮೆ ತರಬೇಕಾಗ್ತೈತಿ. ಒಂದ ದಿನ ಇಟ್ಕೊಂಡು ಹೊಳ್ಳಿ ಕೆರಿಗೆ ಬಿಟ್ಟು ಬರ್ತೇನಿ. ನಡಿತೈತೇನ್ರಿ?”

“ಬೇಯಿಸೂದಿಲ್ಲಲ್ಲ?”

“ಇಲ್ರಿ.”

“ಕೊಲ್ಲೂದಿಲ್ಲಲ್ಲ?”

“ಕೊಲ್ಲೂದಾದ್ರ ಹೊಳ್ಳಿ ಯಾಕ ಬಿಡ್ಲಿ ಕಾಕು?”

ಹೆಂಡತಿ ನನ್ನ ಮುಖ ನೋಡಿದಳು. ನಾನು ಹೂಂ ಅಂದೆ. ಹುಡುಗಿ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಸಂಶೋಧಕಿ, ಮಲಪ್ರಭೆಯ ದಂಡೆಯ ಊರಿನವಳು. ತಂದೆ ಈಗಲೂ ಹೊಳೆಯಲ್ಲಿ ಬಲೆ ಬೀಸುತ್ತಾರೆ. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲಿಗಳು. ಅವಳು ಅಭ್ಯಾಸಕ್ಕೆ ಆರಿಸಿಕೊಂಡ ಮೀನು ಕೊರವ.

ನಾವು ಲಿಂಗ ಕಟ್ಟಿಕೊಂಡ ಮನೆತನದವರು. ಮೀನಿನ ಬಗ್ಗೆ ನನಗೆ ಗೊತ್ತಿದ್ದದ್ದು ಮಾರುಕಟ್ಟೆಯ ಪಕ್ಕದ ವಾಸನೆ ಅಷ್ಟೇ. ಹುಬ್ಬಳ್ಳಿಯ ಒಂದು ಪತ್ರಿಕೆಯ ಸುದ್ದಿಮನೆಯಲ್ಲಿ ಮೂವತ್ತು ವರ್ಷ ಕೂತು ಬೇರೆಯವರ ಸುದ್ದಿ ತಿದ್ದಿದವನು ನಾನು. ನಿವೃತ್ತಿಯ ನಂತರವೂ ವಾರದಲ್ಲಿ ಮೂರು ದಿನ ಅಲ್ಲಿಗೆ ಹೋಗಿ ಬರುತ್ತಿದ್ದೆ. ಉಳಿದ ದಿನಗಳಲ್ಲಿ ಮಾಡಲು ಕೆಲಸವಿರಲಿಲ್ಲ. ಆ ಹುಡುಗಿಗೆ ಮೀನಿನ ಡಬ್ಬಿ ಹಿಡಿದು ಸ್ಕೂಟರ್ ಓಡಿಸಲು ಬರುತ್ತಿರಲಿಲ್ಲ. ಒಬ್ಬರು ಓಡಿಸಬೇಕು, ಒಬ್ಬರು ಹಿಂದೆ ಕೂತು ಡಬ್ಬಿ ಹಿಡಿಯಬೇಕು. ಹೀಗೆ ನಾನು ಕೆರೆಗೆ ಹೋಗತೊಡಗಿದೆ.

ಕೊರವ ಸಿಹಿನೀರಿನ ಬೇಟೆಗಾರ. ತಲೆ ಹಾವಿನದು, ಮೈ ದುಂಡನೆಯ ಕೊಳವೆಯಂಥದ್ದು, ಬಾಯಿ ತೆರೆದರೆ ಒಳಗೆ ಚೂಪು ಹಲ್ಲು. ಕಪ್ಪೆ, ಸಣ್ಣ ಮೀನು, ಸಿಗಡಿ, ನೀರಿಗೆ ಬಿದ್ದ ಇಲಿಮರಿ, ಯಾವುದಾದರೂ ಅದಕ್ಕೆ ನಡೆಯುತ್ತದೆ. ದೂರದ ತನಕ ಅಟ್ಟಿಸಿಕೊಂಡು ಹೋಗುವ ಸ್ವಭಾವ ಅದರದಲ್ಲ. ಜೊಂಡಿನ ನೆರಳಲ್ಲಿ ಕಟ್ಟಿಗೆ ತುಂಡಿನ ಹಾಗೆ ನಿಂತಿರುತ್ತದೆ. ಹತ್ತಿರ ಬಂದದ್ದನ್ನು ಒಂದೇ ಏಟಿಗೆ ಹಿಡಿಯುತ್ತದೆ. ಕಿವಿರು ಇದ್ದರೂ ಅದಕ್ಕೆ ಅದು ಸಾಲದು. ತಲೆಯೊಳಗೆ ಗಾಳಿ ಹಿಡಿದಿಡುವ ಒಂದು ಪೊಟರೆ ಇದೆ. ಆಗಾಗ ನೀರಿನ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಹೋಗಲೇಬೇಕು. ಹಾಗಾಗಿಯೇ ಕೆರೆ ಬತ್ತಿದರೂ ಕೆಸರಿನಲ್ಲಿ ಜೀವ ಹಿಡಿದಿರುತ್ತದೆ. ಒದ್ದೆ ಗೋಣಿಚೀಲದಲ್ಲಿ ಸುತ್ತಿದರೆ ಸಂತೆ ಮುಗಿಯುವ ತನಕ ಬದುಕಿರುತ್ತದೆ.

ಇಂಥ ಕಟುಕ ಮೀನು ಮರಿಗಳ ವಿಷಯದಲ್ಲಿ ಬೇರೆಯೇ ಆಗುತ್ತದೆ. ಮಳೆಗಾಲ ಶುರುವಾದ ಮೇಲೆ ಗಂಡು ಹೆಣ್ಣು ಸೇರಿ ಜೊಂಡಿನ ನಡುವೆ ತಟ್ಟೆಯಷ್ಟು ಜಾಗ ತೆರವು ಮಾಡುತ್ತವೆ. ಅದೇ ಗೂಡು. ಮೊಟ್ಟೆಗಳು ಜೇನಿನ ಬಣ್ಣದವು, ಒಳಗೆ ಎಣ್ಣೆಯ ಅಂಶ ಇರುವುದರಿಂದ ತೇಲುತ್ತವೆ. ಮರಿಗಳು ಮೊಟ್ಟೆ ಒಡೆದು ಬಂದ ಮೇಲೆ ಕೆಂಪಗೆ ಒಂದು ಮುದ್ದೆಯಾಗಿ ಓಡಾಡುತ್ತವೆ. ನೂರಾರು ಮರಿಗಳು ಒಂದೇ ಸಲ ಗಾಳಿಗೆ ಮೇಲೆ ಬಂದಾಗ ಮಳೆಯಿಲ್ಲದ ಕಡೆ ಹನಿ ಬಿದ್ದಂತೆ ಕಾಣುತ್ತದೆ. ಅವುಗಳ ಕೆಳಗೆ ದೊಡ್ಡ ಮೀನು ಕಾವಲು ನಿಂತಿರುತ್ತದೆ. ಆ ದಿನಗಳಲ್ಲಿ ಅದು ಹೆಚ್ಚು ತಿನ್ನುವುದಿಲ್ಲ. ಕಪ್ಪೆ ಬರಲಿ, ಕೋಲು ಬರಲಿ, ಮರಿಗಳ ಹತ್ತಿರ ಬಂದದ್ದಕ್ಕೆ ಎರಗುತ್ತದೆ.

ಗಾಳ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಕೆಂಪು ಮರಿಗಳ ಹಿಂಡು ಕಂಡ ಕಡೆ ಕಪ್ಪೆ ಕುಣಿಸಿದರೆ ಕೊರವ ಬಿದ್ದಂತೆಯೇ.

“ಹಸಿವಿಗೆ ಕಚ್ಚೂದಲ್ರಿ ಕಾಕಾ, ಸಿಟ್ಟಿಗೆ ಕಚ್ಚತೈತಿ,” ಎಂದು ಹುಡುಗಿ ಮೊದಲ ದಿನವೇ ಹೇಳಿದ್ದಳು. “ನಮ್ಮಪ್ಪ ಮರಿ ಮ್ಯಾಲ ಗಾಳ ಒಗಿಯಂಗಿಲ್ಲ. ಬಾಜು ಮನಿಯಾವ್ರು ನಗತಾರ, ‘ಏನೋ ಸ್ವಾಮಿಗೋಳ, ಮೀನಿಗೂ ದೀಕ್ಷಾ ಕೊಟ್ಟೀರೇನು’ ಅಂತ.”

ಅವಳ ಪ್ರಬಂಧದ ಪ್ರಶ್ನೆ ಹುಟ್ಟಿದ್ದು ಅಲ್ಲಿಂದಲೇ. ಕಾವಲಿನ ಮೀನು ಗಾಳಕ್ಕೆ ಸಿಕ್ಕು, ಒಂದು ದಿನ ಮರಿಗಳಿಂದ ದೂರವಿದ್ದು, ಮತ್ತೆ ಕೆರೆಗೆ ಬಂದರೆ ಮರಿಗಳ ಹತ್ತಿರ ಹೋಗುತ್ತದೆಯೇ? ಇದನ್ನು ಆರು ಗೂಡುಗಳಲ್ಲಿ ನೋಡುತ್ತೇನೆ ಎಂದು ಅವಳು ಬರೆದುಕೊಟ್ಟಿದ್ದಳು. ಎರಡು ಮಳೆಗಾಲದಲ್ಲಿ ಐದು ಗೂಡು ಮುಗಿದಿದ್ದವು. ಮೂರು ಮೀನು ಮರಳಿದ್ದವು, ಎರಡು ಮರಳಿರಲಿಲ್ಲ. ಮೂರು ಎರಡರಿಂದ ಏನೂ ಹೇಳಲಾಗದು ಎಂದು ಅವಳ ಗುರುಗಳು ಹೇಳಿದ್ದರು. ಪ್ರಬಂಧ ಒಪ್ಪಿಸುವ ಅವಧಿ ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ಅಂದರೆ ಆರನೆಯ ಗೂಡಿಗೆ ಉಳಿದದ್ದು ಅದೊಂದೇ ಮಳೆಗಾಲ.

ಹಳಿಯಾಳ ರಸ್ತೆಯ ಕಡೆಯ ಒಂದು ಕೆರೆಯಲ್ಲಿ, ಶ್ರಾವಣದ ಎರಡನೆಯ ಸೋಮವಾರ ಮುಂಜಾನೆ, ಆರನೆಯದು ಸಿಕ್ಕಿತು. ನಾನು ದಂಡೆಯಲ್ಲಿ ಕೊಡೆ ಹಿಡಿದು ನಿಂತಿದ್ದೆ. ಅವಳು ಮೊಣಕಾಲು ನೀರಿನಲ್ಲಿದ್ದಳು. ಬಿದಿರಿನ ಗಳ, ನೈಲಾನ್ ದಾರ, ಹರಿದ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ರಬ್ಬರ್ ಕಪ್ಪೆ. ಮೀನಿಗೆ ಗಾಯ ಕಡಿಮೆಯಾಗಲಿ ಎಂದು ಗಾಳದ ಒಳಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಿದ್ದಳು. ಕಪ್ಪೆಯನ್ನು ಮರಿಗಳಾಚೆ ಇಳಿಸಿ, ಮೆಲ್ಲಗೆ ಎಳೆದಳು. ಎರಡನೆಯ ಸಲ ಎಳೆದಾಗ ನೀರು ಒಡೆಯಿತು. ಬಟ್ಟೆ ಒಗೆಯುವ ಕಲ್ಲಿಗೆ ಒದ್ದೆ ಬಟ್ಟೆ ಬಡಿದಂತಹ ಸದ್ದು. ಗಳ ಬಾಗಿತು, ಹುಡುಗಿ ಎರಡು ಹೆಜ್ಜೆ ಹಿಂದೆ ಬಂದು ಕೆಸರಿನಲ್ಲಿ ಕೂತೇಬಿಟ್ಟಳು.

“ಕಾಕಾ, ನಗಬ್ಯಾಡ್ರಿ, ಡಬ್ಬಿ ತರ್ರಿ ಲಗೂ!”

ಮೊಳಕೈಯಷ್ಟು ಉದ್ದದ ಮೀನು. ಬೆನ್ನು ಕೆಸರುಬಣ್ಣ, ಹೊಟ್ಟೆ ಬಿಳಿ. ಬಾಲದ ತುದಿಗೆ ಗುರುತಿಗಾಗಿ ಸಣ್ಣದೊಂದು ಕಚ್ಚು ಹಾಕಿದಳು. ಅದನ್ನು ಕೆರೆಯ ನೀರಿನೊಂದಿಗೆ ಡಬ್ಬಿಗೆ ಹಾಕಿ, ಮೇಲೆ ಬಟ್ಟೆ ಕಟ್ಟಿ, ಒಂಬತ್ತಕ್ಕೆ ಮನೆಗೆ ಬಂದೆವು.

ಹಿತ್ತಲಿನಲ್ಲಿ ಒಂದು ನೀಲಿ ಡ್ರಮ್ ಇದೆ. ನಮ್ಮಲ್ಲಿ ನಳದ ನೀರು ವಾರಕ್ಕೊಮ್ಮೆ, ಕೆಲವೊಮ್ಮೆ ಎಂಟು ದಿನಕ್ಕೊಮ್ಮೆ ಬರುತ್ತದೆ. ಡ್ರಮ್ ಇಲ್ಲದ ಮನೆ ಇಲ್ಲ. ಮೀನು ಬಂದಾಗ ಆ ಡ್ರಮ್ ಅದಕ್ಕೆ ಬಿಟ್ಟುಕೊಡುತ್ತಿದ್ದೆವು. ಅರ್ಧ ನೀರು, ಬಾಯಿಗೆ ಸೊಳ್ಳೆಪರದೆಯ ತುಂಡು, ಸುತ್ತ ಹುರಿ. ಹಿಂದಿನ ಐದು ಸಲ ಹುಡುಗಿಯೇ ಮನೆಯಲ್ಲಿದ್ದು ನೋಡಿಕೊಂಡಿದ್ದಳು. ಆವತ್ತು ಅವಳಿಗೆ ವಿಭಾಗದಲ್ಲಿ ತರಗತಿ ಇತ್ತು. ಹೊರಡುವಾಗ ನನಗೆ ಹೇಳಿದಳು:

“ಕಾಕಾ, ಇವತ್ತ ನೀರ ಬರೂ ದಿವಸ. ಡ್ರಮ್ಮಿಗೆ ನೀರ ಬಿಡಬ್ಯಾಡ್ರಿ ಅಂತ ಕಾಕುಗ ಹೇಳ್ರಿ. ಮ್ಯಾಲ ಗಾಳಿಗೆ ಜಾಗಾ ಬೇಕ ಅದಕ್ಕ.”

ಹೇಳುತ್ತೇನೆ ಅಂದೆ. ಹೆಂಡತಿ ಪೂಜೆಯಲ್ಲಿದ್ದಳು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಫೋನ್ ಬಂತು. ರಜೆ ಹಾಕಿದವರೊಬ್ಬರ ಪುಟ ನೋಡಬೇಕಿತ್ತು. ಅಂಗಿ ಬದಲಿಸಿ ಬಸ್ಸು ಹಿಡಿದೆ. ನವಲೂರು ದಾಟುವಾಗ ಆ ಮಾತು ನೆನಪಾಯಿತು. ಹೆಂಡತಿಗೆ ಫೋನ್ ಮಾಡಿದೆ, ಅವಳು ತೆಗೆಯಲಿಲ್ಲ. ಮತ್ತೆ ಮಾಡೋಣ ಎಂದುಕೊಂಡೆ. ಪುಟದ ಕೆಲಸದಲ್ಲಿ ಮಾಡಲಿಲ್ಲ. ನಡೆದದ್ದು ಇಷ್ಟೇ. ಇದಕ್ಕೆ ಬೇರೆ ಕಾರಣ ಹುಡುಕಿದರೆ ಸುಳ್ಳಾಗುತ್ತದೆ.

ಮಧ್ಯಾಹ್ನ ಎರಡು ಗಂಟೆಗೆ ನಳಕ್ಕೆ ನೀರು ಬಂತು. ನೀರು ಬಂದ ದಿನ ನಮ್ಮ ಬೀದಿಯಲ್ಲಿ ಯಾರೂ ಕುಳಿತಿರುವುದಿಲ್ಲ. ಕೊಡ, ಬಕೆಟ್, ಹಂಡೆ, ಪಾತೇಲಿ, ಮನೆಯಲ್ಲಿ ಬಾಯಿ ಇರುವ ಪಾತ್ರೆಯೆಲ್ಲ ತುಂಬಬೇಕು. ಹೆಂಡತಿ ಎಲ್ಲ ತುಂಬಿದಳು. ಕೊನೆಗೆ ಹಿತ್ತಲಿಗೆ ಬಂದರೆ ಡ್ರಮ್ಮಿನ ಪರದೆ ಒಂದು ಕಡೆ ಸಡಿಲಾಗಿತ್ತು. ಮೀನು ಎಗರಿ ಎಗರಿ ಅದಕ್ಕೆ ಬಡಿಯುತ್ತಿತ್ತು. ಒಳಗೆ ನೀರು ಅರ್ಧಕ್ಕಿಂತ ಕಡಿಮೆ ಎನಿಸಿತು ಅವಳಿಗೆ. ನೀರು ಸಾಲದೆ ಒದ್ದಾಡುತ್ತಿದೆ ಎಂದುಕೊಂಡಳು. ಪೈಪು ಹಾಕಿ ಕಂಠದ ತನಕ ತುಂಬಿಸಿದಳು. ಹೊರಗೆ ಹಾರಿ ಬೆಕ್ಕಿನ ಬಾಯಿಗೆ ಬೀಳದಿರಲಿ ಎಂದು ಡ್ರಮ್ಮಿನ ಮುಚ್ಚಳ ಒತ್ತಿ ಹಾಕಿ, ಮೇಲೆ ರುಬ್ಬುವ ಗುಂಡುಕಲ್ಲು ಇಟ್ಟಳು.

ಐದೂವರೆಗೆ ನಾನು ಬಂದೆ. ಹುಡುಗಿ ನನಗಿಂತ ಹತ್ತು ನಿಮಿಷ ಮೊದಲು ಬಂದಿದ್ದಳು. ಮುಚ್ಚಳ ತೆಗೆದು ಪಕ್ಕಕ್ಕಿಟ್ಟು, ಎರಡೂ ಕೈ ಡ್ರಮ್ಮಿನ ಅಂಚಿನ ಮೇಲಿಟ್ಟುಕೊಂಡು ನಿಂತಿದ್ದಳು. ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಹೆಂಡತಿ ತುಳಸಿಕಟ್ಟೆಯ ಹತ್ತಿರ ಕೂತಿದ್ದಳು. “ನೀರ ತುಂಬ ಹಾಕೀನ್ರಿ,” ಎಂದಳು ನನ್ನನ್ನು ನೋಡಿ. “ಒಂದ ಕೊಡ ಸೈತ ಕಡಿಮಿ ಮಾಡಿಲ್ಲ. ನೀರಾಗಿನ ಮೀನ ನೀರಾಗ ಹ್ಯಾಂಗ ಸಾಯತೈತಿ?”

ಹುಡುಗಿ ಅವಳ ಪಕ್ಕ ಹೋಗಿ ಕೂತು, ಗಾಳಿಯ ವಿಷಯ ತಿಳಿಸಿ ಹೇಳಿದಳು. ಧ್ವನಿ ಏರಿಸಲಿಲ್ಲ. ನಳದ ನೀರಿನಲ್ಲಿರುವ ಔಷಧದಿಂದಲೂ ತೊಂದರೆ ಆಗಿರಬಹುದು, ಆದರೆ ಮುಚ್ಚಳಕ್ಕೆ ಮೂತಿ ಬಡಿದ ಗುರುತು ಇದೆ ಎಂದಳು.

“ಹಂಗಂದ್ರ ಅದು ಮುಳುಗಿ ಸತ್ತತೇನು?”

“ಹೂಂ ಕಾಕು.”

“ಶ್ರಾವಣ ಸೋಮವಾರ ನನ್ನ ಕೈಲೆ ಒಂದ ಜೀವ ಹೋತು.” ಡ್ರಮ್ಮಿನ ಕಡೆ ತಿರುಗಿ ಕೇಳಿದಳು: “ಅಪ್ಪ ಇತ್ತೋ ಅವ್ವ ಇತ್ತೋ?”

“ಹೊರಗಿಂದ ಗೊತ್ತಾಗಂಗಿಲ್ರಿ. ಕೊಯ್ದು ನೋಡಬೇಕು.”

ಮಾತು ತಲುಪಿಸಬೇಕಾಗಿದ್ದವನು ನಾನು ಎಂದು ಇಬ್ಬರಿಗೂ ಹೇಳಿದೆ. ಆ ದಿನ ಆಮೇಲೆ ಹೆಂಡತಿ ನನ್ನೊಂದಿಗೆ ಮಾತಾಡಿದ್ದು ಊಟಕ್ಕೆ ಕರೆಯಲು ಮಾತ್ರ.

ಸಂಜೆ ನಾನು ಮಾಡಿದ ಇನ್ನೊಂದು ಕೆಲಸವನ್ನೂ ಬರೆಯಬೇಕು. ಹುಡುಗಿ ಮೀನನ್ನು ಪ್ರಯೋಗಾಲಯಕ್ಕೆ ಒಯ್ಯಲು ಗೋಣಿಯಲ್ಲಿ ಸುತ್ತುತ್ತಿದ್ದಳು. ಅವಳ ಎರಡು ಮಳೆಗಾಲ ನನ್ನ ಮರೆವಿನಿಂದ ಹಾಳಾಗುವುದನ್ನು ನೋಡಲಾರದೆ ಒಂದು ದಾರಿ ಹೇಳಿಕೊಟ್ಟೆ.

“ಆರನೇ ಗೂಡಿಗೆ ‘ಮೀನು ಮರಳಲಿಲ್ಲ’ ಅಂತ ಬರಿ ತಂಗಿ. ಸುಳ್ಳಲ್ಲ. ಮರಳಲಿಲ್ಲ, ಖರೇನ ಐತಿ. ಆರು ತುಂಬತಾವು.”

ಅವಳು ಹುರಿ ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

“ಪೇಪರ್‌ನ್ಯಾಗ ಹಿಂಗ ಬರೀತಿದ್ರೇನ್ರಿ ಕಾಕಾ?”

ಒಂದೊಂದು ಪದವೂ ನಿಜವಾಗಿದ್ದು ಒಟ್ಟು ಸುದ್ದಿ ಸುಳ್ಳಾಗಿರುವ ವಾಕ್ಯಗಳು ನನಗೆ ಗೊತ್ತಿದ್ದವು. ಅಂಥವನ್ನು ಹಿಡಿದು ವರದಿಗಾರರಿಗೆ ವಾಪಸು ಕಳಿಸುವುದೇ ನನ್ನ ಕೆಲಸವಾಗಿತ್ತು. ಅವಳು ಮತ್ತೆ ಹುರಿ ಕಟ್ಟತೊಡಗಿದಳು.

“ಸತ್ತದ್ದಕ್ಕ ಬ್ಯಾರೆ ಸಾಲು ಹಾಕ್ತೇನಿ,” ಎಂದಳು. “ಇನ್ನ ಒಂದ ಗೂಡ ಸಿಕ್ರ ಛಲೋ. ಇಲ್ಲಾಂದ್ರ ಐದ.”

ಮರುದಿನ ಮುಂಜಾನೆ ಅವಳು ಕೆಳಗಿಳಿದು ಬರುವ ಹೊತ್ತಿಗೆ ಹೆಂಡತಿ ಸೀರೆ ಸೆರಗು ಸಿಗಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ಪಿಳ್ಳಿಗೋಳ ಏನಾದ್ವು ನೋಡಬೇಕು ನಾ,” ಎಂದಳು. ಸ್ಕೂಟರಿನ ಮೇಲೆ ಮೂವರು ಹೋಗುವುದು ಸಾಧ್ಯವಿಲ್ಲ. ಆಟೋ ಮಾಡಿಕೊಂಡೆವು. ದಾರಿಯಲ್ಲಿ ಹುಡುಗಿ ಹೇಳಿದಳು:

“ಅಪ್ಪ ಇತ್ತು ಕಾಕು. ಹೊಟ್ಟಿಯೊಳಗ ಏನೂ ಇರಲಿಲ್ಲ. ಭಾಳ ದಿವಸದಿಂದ ತಿಂದಿಲ್ಲ.”

ಹೆಂಡತಿ ಹೊರಗೆ ನೋಡುತ್ತ ಕೂತಳು.

ಕೆರೆಯಲ್ಲಿ ಒಂದು ಬಕ ಪಕ್ಷಿ ಗೂಡಿನಿಂದ ನಾಲ್ಕು ಮಾರು ದೂರದಲ್ಲಿ ನಿಂತಿತ್ತು. ಮೊದಲು ಏನೂ ಕಾಣಲಿಲ್ಲ. ಕಾಲು ಗಂಟೆಯ ನಂತರ ಅಂತರಗಂಗೆಯ ಪಕ್ಕದಲ್ಲಿ ನೀರು ಕೆಂಪಗೆ ನವಿರಾಗಿ ನಡುಗಿತು. ಮರಿಗಳು ಇದ್ದವು. ಹಿಂಡು ಹಿಂದಿನ ದಿನಕ್ಕಿಂತ ಸಣ್ಣದೋ ಅಲ್ಲವೋ, ನನ್ನ ಕಣ್ಣಿಗೆ ಹೇಳಲಾಗಲಿಲ್ಲ. ಹುಡುಗಿ ದಾರಕ್ಕೆ ಗಾಳವಿಲ್ಲದ ರಬ್ಬರ್ ಕಪ್ಪೆ ಕಟ್ಟಿ, ಮರಿಗಳ ಅಂಚಿಗೆ ಎಳೆದಳು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ನೀರು ಒಡೆದು ಕಪ್ಪೆ ಮಾಯವಾಯಿತು; ಕ್ಷಣದ ನಂತರ ದೂರದಲ್ಲಿ ತೇಲಿತು.

“ಯವ್ವಾ!” ಎಂದು ಹೆಂಡತಿ ನನ್ನ ತೋಳು ಹಿಡಿದಳು. “ಇನ್ನೊಂದ ಐತಿ! ಅವ್ವ ಐತಿ ಅಲ್ಲೇನ ಅದು?”

“ಇರಬೇಕ್ರಿ.”

“ಹಂಗಾರ ಬರ್ಕೋ! ಅಪ್ಪ ಹೋದ್ರ ಅವ್ವ ಬಂದ್ಲು ಅಂತ ಬರ್ಕೋ!”

“ಬರಿಯಾಕ ಬರಂಗಿಲ್ಲ ಕಾಕು. ಅವ್ವ ನಿನ್ನೆನೂ ಕೆಳಗ ಇದ್ಲೋ ಏನೋ, ನಾ ನೋಡಿಲ್ಲ. ಅವ್ವನೋ ಅಲ್ಲೋ ಅದೂ ಗೊತ್ತಿಲ್ಲ.”

“ನಿಮ್ಮ ಶಾಸ್ತ್ರದಾಗ ಒಂದರ ಛಲೋ ಸುದ್ದಿ ಬರೀತಾರೇನವಾ?” ಎಂದು ಹೆಂಡತಿ ರೇಗಿದಳು. ಹುಡುಗಿ ನಕ್ಕಳು. ಹಿಂದಿನ ಸಂಜೆಯಿಂದ ಅವಳು ನಕ್ಕದ್ದು ಅದೇ ಮೊದಲು.

ಆಮೇಲೆ ಮಳೆ ನಿಲ್ಲುವ ತನಕ ನಾವು ಧಾರವಾಡದ ಸುತ್ತಲಿನ ಕೆರೆಗಳನ್ನು ಒಂದೊಂದಾಗಿ ನೋಡಿದೆವು. ಒಂದು ಕಡೆ ಗೂಡು ಇತ್ತು, ಮೊಟ್ಟೆ ಇರಲಿಲ್ಲ. ಒಂದು ಕಡೆ ಮರಿಗಳು ಕಂದು ಬಣ್ಣಕ್ಕೆ ತಿರುಗಿ, ಕಾವಲು ಬಿಟ್ಟು ಚದುರಿ ಹೋಗಿದ್ದವು. ಇನ್ನೊಂದು ಕಡೆ ನಾವು ಹೋಗುವ ಮುನ್ನಾದಿನವೇ ಯಾರೋ ಕಾವಲಿನ ಮೀನನ್ನು ಹಿಡಿದುಕೊಂಡು ಹೋಗಿದ್ದರು. ಮರಿಗಳ ಹಿಂಡಿನೊಳಗೆ ಹಗಲಲ್ಲೇ ಸಣ್ಣ ಸಣ್ಣ ಮೀನುಗಳು ನುಗ್ಗಿ ತಿನ್ನುತ್ತಿದ್ದವು. ಹುಡುಗಿ ದಂಡೆಯ ಮೇಲೆ ಕೂತು ಅದನ್ನು ಪೂರ್ತಿ ನೋಡಿ ಬರೆದುಕೊಂಡಳು. ಲೆಕ್ಕಕ್ಕೆ ಬರುವ ಇನ್ನೊಂದು ಗೂಡು ಸಿಗಲಿಲ್ಲ. ದಸರೆಯ ನಂತರ ಅವಳು ಐದು ಗೂಡುಗಳ ಪ್ರಬಂಧ ಬರೆಯಲು ಕೂತಳು. ಆರನೆಯದಕ್ಕೆ ಬೇರೆ ಪುಟದಲ್ಲಿ ಒಂದು ಪ್ಯಾರಾ. ಗುರುಗಳು ಸಹಿ ಹಾಕಿದರು. ಆದರೆ ಹೊರಗಿನಿಂದ ಬರುವ ಪರೀಕ್ಷಕರು ಐದನ್ನು ಒಪ್ಪದಿದ್ದರೆ ಇನ್ನೊಂದು ವರ್ಷ ಬೇಕಾಗುತ್ತದೆ, ಅಷ್ಟರಲ್ಲಿ ಪ್ರಬಂಧದ ಅವಧಿ ಮುಗಿದಿರುತ್ತದೆ ಎಂದು ಮೊದಲೇ ಎಚ್ಚರಿಸಿದರು.

ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು. ನಾವಿಬ್ಬರೂ ಕೊನೆಯ ಸಾಲಿನಲ್ಲಿ ಕೂತೆವು. ಮಲಪ್ರಭೆಯ ದಂಡೆಯಿಂದ ಅವಳ ತಂದೆ ಬಂದಿದ್ದರು. ಒಗೆದ ಧೋತರ, ತಲೆಗೆ ಟೊಪ್ಪಿಗೆ, ಕೈಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡು ಒಂದೂ ಮಾತಾಡದೆ ಕೂತಿದ್ದರು. ಪರೀಕ್ಷಕರು ವಯಸ್ಸಾದವರು, ಬೆಳಗಾವಿ ಕಡೆಯ ಮಾತು. ಅರ್ಧ ಗಂಟೆ ಎಲ್ಲ ಸರಿಯಾಗಿ ನಡೆಯಿತು. ನಂತರ ಅವರು ಪುಟ ಹಿಂದಕ್ಕೆ ತಿರುಗಿಸಿದರು.

“ಆರು ಅಂತ ಬರದೀರಿ, ಕೊಟ್ಟದ್ದು ಐದು. ಆರನೇದು ನೀರಾಗ ಉಸಿರು ಸಿಗದ ಸತ್ತತಿ ಅಂತೀರಿ. ಉಸಿರಿಗೆ ಮ್ಯಾಲ ಬರೂ ಮೀನಿನ ಮ್ಯಾಲ ಮೂರು ವರ್ಷ ಕೆಲಸಾ ಮಾಡಿದವ್ರು ಮುಚ್ಚಳಾ ಒತ್ತಿ ಹಾಕಿದ್ರೇನು?”

“ಹೌದ್ರಿ ಸರ್. ಮೀನಿನ ಜವಾಬ್ದಾರಿ ನಂದ ಇತ್ತು.”

“ನೀವ ಹಾಕಿದ್ರೇನು ಅಂತ ಕೇಳ್ದೆ.”

ನನ್ನ ಪಕ್ಕದಲ್ಲಿ ಕುರ್ಚಿ ಸರಿಯಿತು. ನನ್ನ ಹೆಂಡತಿ ಎದ್ದು ನಿಂತಿದ್ದಳು.

“ಹಾಕಿದ್ದು ನಾನ್ರಿ ಸರ.”

ಕೋಣೆಯಲ್ಲಿದ್ದವರೆಲ್ಲ ಹಿಂದೆ ತಿರುಗಿದರು. ಪರೀಕ್ಷಕರು ಕನ್ನಡಕ ತೆಗೆದರು.

“ತಾವು ಯಾರ್ರಿ?”

“ಅಕಿ ಇರೂ ಮನಿಯಾಕಿರಿ. ನಾವು ಮೀನ ಮುಟ್ಟೂ ಮಂದಿ ಅಲ್ರಿ. ನಮಗ ಗೊತ್ತಿರಲಿಲ್ಲ. ಪಿಳ್ಳಿಗೋಳ ಬಿಟ್ಟು ಬಂದೈತಿ, ನೀರರ ತುಂಬ ಇರ್ಲಿ ಅಂತ ಡ್ರಮ್ ತುಂಬಿದೆ. ಅಕಿದೇನೂ ತಪ್ಪಿಲ್ರಿ.”

ಇನ್ನು ಕೂತಿರುವುದು ನನ್ನಿಂದ ಆಗಲಿಲ್ಲ. ಎದ್ದು, ಡ್ರಮ್ಮಿಗೆ ನೀರು ಬಿಡಬಾರದೆಂದು ಇವಳಿಗೆ ತಿಳಿಸಲು ಹುಡುಗಿ ನನಗೆ ಹೇಳಿದ್ದಳು, ನಾನು ಹೇಳದೆ ಬಸ್ಸು ಹತ್ತಿದೆ ಎಂದೆ.

“ಇನ್ನೂ ಯಾರರ ಅದೀರೇನ್ರಿ?” ಎಂದು ಪರೀಕ್ಷಕರು ಇಡೀ ಕೋಣೆಯನ್ನು ಕೇಳಿದರು. ಹಿಂದಿನಿಂದ ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಹುಡುಗಿಯ ತಂದೆ ಮಾತ್ರ ನಗಲಿಲ್ಲ. ಅವರು ಕತ್ತು ತಿರುಗಿಸಿ ನನ್ನ ಹೆಂಡತಿಯನ್ನು ನೋಡುತ್ತಿದ್ದರು.

ನಗು ನಿಂತ ಮೇಲೆ ಪರೀಕ್ಷಕರು ಹುಡುಗಿಯನ್ನು ಕೇಳಿದರು: “ಈ ಮೀನನ್ನ ‘ಹೊಳ್ಳಿ ಬರಲಿಲ್ಲ’ ಅನ್ನೂ ಲೆಕ್ಕಕ್ಕ ಹಚ್ಚಿದ್ರ ನನಗ ಗೊತ್ತಾಗ್ತಿರಲಿಲ್ಲ. ಯಾಕ ಹಚ್ಚಲಿಲ್ಲ?”

ನಾನು ನೆಲ ನೋಡಿದೆ.

“ಅದಕ್ಕ ಹೊಳ್ಳಿ ಹೋಗಾಕ ನಾವು ಬಿಡಲಿಲ್ಲಲ್ರಿ ಸರ್,” ಎಂದಳು ಅವಳು. “ಹೋಗ್ತಿತ್ತೋ ಏನೋ.”

ಪರೀಕ್ಷಕರು ಸ್ವಲ್ಪ ಹೊತ್ತು ಏನನ್ನೋ ಬರೆದರು. ಮೂರು ಎರಡರ ಮೇಲೆ ದೊಡ್ಡ ತೀರ್ಮಾನ ಬರೆದದ್ದನ್ನು ತೆಗೆಯಿರಿ, ಸತ್ತ ಮೀನಿನ ಪ್ಯಾರಾ ಹಾಗೆಯೇ ಇರಲಿ, ಅದರ ಜೊತೆಗೆ ಮನೆಗಳಲ್ಲಿ ಮೀನು ಇಡುವಾಗ ಮನೆಯವರಿಗೆ ಏನೇನು ತಿಳಿಸಬೇಕೆಂದು ಒಂದು ಪುಟ ಸೇರಿಸಿರಿ ಎಂದರು. ಐದಕ್ಕೆ ತಮ್ಮ ತಕರಾರು ಇಲ್ಲ ಎಂದು ಎದ್ದರು.

ಹೊರಗೆ ಪಡಸಾಲೆಯಲ್ಲಿ ಹುಡುಗಿಯ ಗೆಳತಿಯರು ಚುರುಮುರಿ ಕಲಸಿದ ಗಿರ್ಮಿಟ್ ಹಂಚುತ್ತಿದ್ದರು. ಅವಳ ತಂದೆ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ನಮ್ಮ ಹತ್ತಿರ ಬಂದರು.

“ಅಕ್ಕಾರ, ನಂದೂ ಒಂದ ಸಲ ಹಂಗ ಆಗೈತ್ರಿ,” ಎಂದರು. “ಬುಟ್ಟಿ ಪೂರಾ ನೀರಾಗ ಇಳಿಬಿಟ್ಟು ಮಲಗಿದೆ. ಮುಂಜಾನಿ ನೋಡಿದ್ರ ಎಲ್ಲಾ ಕೊರವ ಸತ್ತಿದ್ವು. ಹೊಳಿ ದಂಡಿಗೆ ಹುಟ್ಟಿದವಗ ತಿಳೀಲಿಲ್ಲ, ನಿಮಗ ಎಲ್ಲಿಂದ ತಿಳೀಬೇಕ್ರಿ?”

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, “ತಿನ್ರಿ ಅಣ್ಣಾರ, ಮೆತ್ತಗಾಗ್ತೈತಿ,” ಎಂದಳು.